ಇಥಿಯೋಪಿಯಾ, ಎರಿಟ್ರಿಯಾ ಜನರ ಬಗ್ಗೆ ಓದೋಕೆ ಎಲ್ಲಿಂದ ಶುರು ಮಾಡ್ಬೇಕು? ಬಲ್ಲವರು ಹೇಳ್ರಿ

ಗಂಗಾವತಿ_ಹುಡ್ಗ
ಎಲ್ಲಾರಿಗೂ ನಮಸ್ಕಾರ್ರಿ. ನಾನು ಎಂ.ಎ. ಹಿಸ್ಟರಿ ಎರಡನೇ ವರ್ಷ. ಬಿಜಾಪುರದ ಆದಿಲ್‌ಶಾಹಿ ದರ್ಬಾರದಾಗ ಇದ್ದ ಹಬ್ಶಿ (ಇಥಿಯೋಪಿಯಾ ಕಡೆಯಿಂದ ಬಂದ) ಸರದಾರರ ಮ್ಯಾಲೆ, ಅದರಾಗೂ ಇಖ್ಲಾಸ್ ಖಾನ್ ಮ್ಯಾಲೆ ಒಂದು ಪೇಪರ್ ಬರಿಯಾಕ ಕುಂತಿದ್ದೆ, ಓದ್ತಾ ಓದ್ತಾ ಇವ್ರು ಬಂದ ದೇಶದ ಕಡೆ ಹೊಳ್ಳಿಬಿಟ್ಟೆ, ಈಗ ಪೇಪರ್ ಒಂದು ಕಡೆ, ನಾನೊಂದು ಕಡೆ. ಯುರೋಪಿನಾಗ "ಇಥಿಯೋಪಿಯನ್ ಸ್ಟಡೀಸ್" ಅಂತ ಮುನ್ನೂರು ವರ್ಷಕ್ಕೂ ಹಳೇ ಸಬ್ಜೆಕ್ಟ್ ಐತಂತ. ಆದ್ರ ಸಿಕ್ಕಿದ್ದೆಲ್ಲಾ ಬರೇ ರಾಜರು, ಚರ್ಚು, ಗೀಝ್ ಅನ್ನೂ ಹಳೀ ಚರ್ಚ್ ಭಾಷಿ ಹಸ್ತಪ್ರತಿ. ಆ ದೇಶದಾಗ 80ಕ್ಕೂ ಜಾಸ್ತಿ ಭಾಷಿ ಅದಾವು ಅಂತಾರ, ಉಳಿದ ಮಂದಿ ಎಲ್ಲಿ ಹೋದ್ರು? ಮತ್ತ ಎರಿಟ್ರಿಯಾ ಯಾಕ ಎಲ್ಲಾ ಕಡೆ ಬರೇ ಅಡಿಟಿಪ್ಪಣಿ ಆಗೇತಿ? ಇಂಗ್ಲಿಷ್ ಓದ್ತೀನಿ, ಜರ್ಮನ್ ಇಟಾಲಿಯನ್ ಬರೂದಿಲ್ಲ.

ಸಾಫ್ಟ್‌ವೇರ್_ಸುಬ್ಬ
ಕಾಫಿಯಿಂದ ಶುರು ಮಾಡಿ ಗುರು. ಕಾಡು ಕಾಫಿ ಅಲ್ಲಿಂದಾನೇ ಬಂದಿದ್ದು. ಉಳಿದಿದ್ದು ಗೊತ್ತಿರೋರು ಹೇಳ್ತಾರೆ, ನಾನು ಇಲ್ಲೇ ಕೂತು ಓದ್ತೀನಿ.

ರಿಟೈರ್ಡ್_ಮೇಷ್ಟ್ರು
ಒಳ್ಳೇ ಪ್ರಶ್ನೆ ಕೇಳಿದೀಯಪ್ಪ. ನಾನು ಅಲ್ಲಿನ ಒಂದು ಯೂನಿವರ್ಸಿಟೀಲಿ ಕೆಲವು ವರ್ಷ ಮ್ಯಾಥ್ಸ್ ಪಾಠ ಮಾಡ್ದೋನು, ಇದು ನನ್ನ ಸಬ್ಜೆಕ್ಟ್ ಅಲ್ಲ, ಆದ್ರೂ ಅಡಿಸ್ ಅಬಾಬಾಗೆ ಹೋದಾಗೆಲ್ಲ ಸಿದಿಸ್ತ್ ಕಿಲೋ ಕ್ಯಾಂಪಸ್ಸಲ್ಲಿರೋ ಇನ್‌ಸ್ಟಿಟ್ಯೂಟ್ ಆಫ್ ಇಥಿಯೋಪಿಯನ್ ಸ್ಟಡೀಸ್‌ಗೆ ಹೋಗಿ ಕೂರ್ತಿದ್ದೆ. ಅದು ಹುಟ್ಟಿದ್ದು 1963ರಲ್ಲಿ. ಕಟ್ಟಡ ಹೈಲೆ ಸೆಲಾಸಿ ಚಕ್ರವರ್ತಿಯ ಅರಮನೆ, 1960ರಲ್ಲಿ ಅವನ ವಿರುದ್ಧ ದಂಗೆ ಆಯ್ತಲ್ಲ, ಅದನ್ನ ಅಡಗಿಸಿದ ಮೇಲೆ ಅರಮನೇನ ಯೂನಿವರ್ಸಿಟಿಗೆ ಬಿಟ್ಕೊಟ್ಟ. ಮೊದಲನೇ ಡೈರೆಕ್ಟರ್ ರಿಚರ್ಡ್ ಪ್ಯಾಂಕ್‌ಹರ್ಸ್ಟ್, ಇಂಗ್ಲಿಷಿನವನು, ಮುಸೊಲಿನಿ ದಾಳಿ ವಿರುದ್ಧ ಲಂಡನ್ನಲ್ಲಿ ಕೂಗಾಡಿದ ಸಿಲ್ವಿಯಾ ಪ್ಯಾಂಕ್‌ಹರ್ಸ್ಟ್ ಇದಾರಲ್ಲ, ಅವ್ರ ಮಗ. ಆಯಮ್ಮನ ಸಮಾಧಿನೂ ಅಡಿಸ್‌ನಲ್ಲೇ ಇದೆ.

ನಿನ್ನ ಪ್ರಶ್ನೆಗೆ ಉತ್ತರದ ಒಂದು ತುಂಡು ಆ ಮ್ಯೂಸಿಯಂನಲ್ಲೇ ಇದೆ. ಚಕ್ರವರ್ತಿ ಮಲಗ್ತಿದ್ದ ಕೋಣೆ, ಬಚ್ಚಲುಮನೆ ಎಲ್ಲ ಹಾಗೇ ಇಟ್ಟಿದಾರೆ, ಅದರ ಜೊತೆಗೇ ದೇಶದ ಜನಗಳ ಸಾಮಾನು. ಆದ್ರೆ ಇದು ಅಮ್ಹಾರರ ಕೋಣೆ, ಇದು ಓರೊಮೋ ಜನರ ಕೋಣೆ ಅಂತ ಪಾಲು ಮಾಡಿಲ್ಲ. ಬಾಲ್ಯ, ಪ್ರಾಯ, ಸಾವು ಹೀಗೆ ಬದುಕಿನ ಘಟ್ಟದ ಪ್ರಕಾರ ಜೋಡ್ಸಿದಾರೆ, ಉತ್ತರದ ಹಳ್ಳಿದೂ ದಕ್ಷಿಣದ ಓಮೋ ಕಣಿವೆದೂ ಅಕ್ಕಪಕ್ಕ ಬರುತ್ತೆ. ನಮ್ಮಲ್ಲೂ ಒಂದು ಮ್ಯೂಸಿಯಂ ಹೀಗೆ ಮಾಡ್ಬಾರ್ದಾ ಅನ್ಸಿತ್ತು. ಅದಿರ್ಲಿ.

ಹ್ಯಾಂಬರ್ಗ್_ಮಳೆ
ಮೇಷ್ಟ್ರೆ ನಮಸ್ಕಾರ, ನೀವು ಹೇಳಿದ್ದು ಓದಿ ಖುಷಿ ಆಯ್ತು. ನಾನು ಇಲ್ಲಿ ಹ್ಯಾಂಬರ್ಗ್‌ನಲ್ಲಿ ಬೇರೆ ವಿಷಯದಲ್ಲಿ ರಿಸರ್ಚ್ ಮಾಡ್ತಿದೀನಿ, ಆದ್ರೆ ಈ ಊರಲ್ಲಿ ಹಿಯೋಬ್ ಲುಡೋಲ್ಫ್ ಹೆಸರಿನ ಸೆಂಟರ್ ಇದೆ, ಅಲ್ಲಿಯವರ ಸಹವಾಸದಿಂದ ಇದರ ಹುಚ್ಚು ನಂಗೂ ಹತ್ತಿದೆ. ಈ ಫೀಲ್ಡಿನ ದೊಡ್ಡ ವಿಶ್ವಕೋಶ ಎನ್ಸೈಕ್ಲೋಪೀಡಿಯಾ ಎಥಿಯೋಪಿಕಾ ಸಿದ್ಧ ಆಗಿದ್ದೂ ಇಲ್ಲೇ, 2003ರಿಂದ 2014ರವರೆಗೆ ಐದು ಸಂಪುಟ. ಅದು ಇಂಗ್ಲಿಷಲ್ಲೇ ಇದೆ, ಸೋ ನಿಮಗೆ ಜರ್ಮನ್ ಬೇಡ. ಕೊಳ್ಳೋಕೆ ಹೋಗ್ಬೇಡಿ, ಮನೆ ಮಾರ್ಬೇಕಾಗುತ್ತೆ. ಇಲ್ಲಿಂದ ಬರೋ ಎಥಿಯೋಪಿಕಾ ಅನ್ನೋ ಜರ್ನಲ್ ಮಾತ್ರ ಆನ್‌ಲೈನಲ್ಲಿ ಫ್ರೀ, ಅದರ ಮುಖಪುಟದ ಮೇಲೆ ಈಗ "ಇಥಿಯೋಪಿಯನ್ ಮತ್ತು ಎರಿಟ್ರಿಯನ್ ಸ್ಟಡೀಸ್" ಅಂತಾನೇ ಇರುತ್ತೆ. ಆ "ಮತ್ತು" ಸುಮ್ನೆ ಬಂದಿದ್ದಲ್ಲ, ಆಮೇಲೆ ಹೇಳ್ತೀನಿ.

ಮೊದ್ಲು ಲುಡೋಲ್ಫ್ ಕತೆ. ಎಲ್ಲಾ ಕಡೆ ಇವನನ್ನ "ಇಥಿಯೋಪಿಯನ್ ಸ್ಟಡೀಸಿನ ಪಿತಾಮಹ" ಅಂತಾರೆ. 1624ರಲ್ಲಿ ಹುಟ್ಟಿದ ಜರ್ಮನ್, ಇಥಿಯೋಪಿಯಾಗೆ ಕಾಲೇ ಇಟ್ಟಿಲ್ಲ! ಪುಸ್ತಕ ನೋಡಿ ಗೀಝ್ ಕಲಿತು, 1649ರಲ್ಲಿ ರೋಮ್‌ಗೆ ಹೋದಾಗ ಸೇಂಟ್ ಪೀಟರ್ಸ್ ಚರ್ಚಿನ ಹಿಂದೆ ಇಥಿಯೋಪಿಯನ್ ಯಾತ್ರಿಕರ ಮಠದಲ್ಲಿ ಅಬ್ಬಾ ಗೋರ್ಗೋರ್ಯೋಸ್ ಅನ್ನೋ ಸನ್ಯಾಸಿ ಸಿಕ್ಕಿದ್ರು. 1652ರಲ್ಲಿ ಅವ್ರನ್ನ ಜರ್ಮನಿಯ ಗೋಥಾ ಅರಮನೆಗೂ ಕರೆಸಿದ್ರು, ಅಲ್ಲಿನ ಡ್ಯೂಕ್ ಕೂತು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದ. ನಿಮ್ಮ ರಾಜ ಯಾರು, ಊಟ ಏನು, ಕಾನೂನು ಏನು, ಹೀಗೆ. 1681ರಲ್ಲಿ ಬಂದ ಲುಡೋಲ್ಫ್‌ನ ಇಥಿಯೋಪಿಯಾ ಇತಿಹಾಸ, 1698ರ ಅಮ್ಹಾರಿಕ್ ವ್ಯಾಕರಣ, ಇವಕ್ಕೆಲ್ಲ ಬುನಾದಿ ಆ ಸನ್ಯಾಸಿ ಬಾಯಲ್ಲಿ ಹೇಳಿದ್ದು, ಕಾಗದ ಬರೆದು ತಿಳಿಸಿದ್ದು. ಗೋರ್ಗೋರ್ಯೋಸ್ 1658ರಲ್ಲಿ ಊರಿಗೆ ವಾಪಸ್ ಹೋಗೋ ದಾರೀಲಿ ಹಡಗು ಮುಳುಗಿ ತೀರ್ಕೊಂಡ್ರು. ಲುಡೋಲ್ಫ್ ಅವ್ರ ಋಣನ ಮುಚ್ಚಿಟ್ಟಿಲ್ಲ, ಅದು ಅವನ ದೊಡ್ಡ ಗುಣ. ಮುಚ್ಚಿಟ್ಟೋರು ಆಮೇಲೆ ಬಂದೋರು. ನನ್ನ ಪ್ರಕಾರ ಈ ಫೀಲ್ಡನ್ನ ಓದೋಕೆ ಒಂದೇ ಬೀಗದ ಕೈ, ಪ್ರತಿ ಪುಸ್ತಕದಲ್ಲೂ ಗೋರ್ಗೋರ್ಯೋಸ್ ಯಾರು ಅಂತ ಹುಡುಕ್ತಾ ಹೋಗಿ.

ಸಂಶಯ_ಸೋಮ
ಮೇಡಂ, ಇಷ್ಟು ರೊಮ್ಯಾಂಟಿಕ್ ಮಾಡ್ಬೇಡಿ. ಈ ಸ್ಟಡೀಸ್ ಎಲ್ಲಾ ಬಂದೂಕಿನ ಹಿಂದೇನೇ ಹೋಗಿದ್ದು. 1868 ಮಗ್ದಲ ನೋಡಿ. ಬ್ರಿಟಿಷ್ ಜನರಲ್ ನೇಪಿಯರ್ ಸೈನ್ಯ ಆ ಬೆಟ್ಟದ ಕೋಟೆ ಹತ್ತಿತು, ಇಥಿಯೋಪಿಯಾದ ತೇವೊದ್ರೋಸ್ ರಾಜ ಗುಂಡು ಹಾರಿಸ್ಕೊಂಡು ಸತ್ತ, ಬ್ರಿಟಿಷ್ ಮ್ಯೂಸಿಯಂನೋರು ಸೈನ್ಯದ ಜೊತೆಗೇ ಒಬ್ಬ ರಿಚರ್ಡ್ ಹೋಮ್ಸ್‌ನ ಕಳಿಸಿದ್ರು ಯಾವ್ಯಾವ್ದು ತರ್ಬೇಕು ಅಂತ ಆರಿಸೋಕೆ! ಲೂಟಿ ಮಾಡಿದ್ದನ್ನ ಹೊರೋಕೆ 15 ಆನೆ, 200ರ ಹತ್ರ ಹೇಸರಗತ್ತೆ ಬೇಕಾಯ್ತು. ದಾರೀಲಿ ದಲಂತ ಬಯಲಲ್ಲಿ ಹರಾಜು ಹಾಕಿದ್ರು. ಸುಮಾರು 350 ಹಸ್ತಪ್ರತಿ ಮ್ಯೂಸಿಯಂ ಸೇರಿದ್ವು, 1877ಕ್ಕೆ ಕ್ಯಾಟಲಾಗ್ ರೆಡಿ. ಆ ಕ್ಯಾಟಲಾಗ್ ಇಟ್ಕೊಂಡು ಎಷ್ಟು ಜನ ಪಿಎಚ್‌ಡಿ ಮಾಡಿದ್ರೋ. ಕದ್ದ ಮಾಲಿನ ಮೇಲೆ ಕಟ್ಟಿದ ವಿದ್ವತ್ತು ಇದು.

ರಿಟೈರ್ಡ್_ಮೇಷ್ಟ್ರು
ಸೋಮಣ್ಣ ಹೇಳಿದ್ದು ನಿಜ, ಆದ್ರೆ ಆ ಆನೆ ಎಲ್ಲಿಂದ ಬಂದ್ವು ಅನ್ನೋದನ್ನೂ ಹೇಳ್ಬೇಕಲ್ಲಪ್ಪ. ಒಟ್ಟು 44 ಆನೆ ನಮ್ಮ ದೇಶದಿಂದ ಹಡಗಲ್ಲಿ ಹೋದ್ವು. ಸೈನ್ಯ ಹೊರಟಿದ್ದೂ ಬಾಂಬೆಯಿಂದ, ಸಿಪಾಯಿಗಳಲ್ಲಿ ಬಹುಪಾಲು ಭಾರತದೋರು. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ರೆಜಿಮೆಂಟಿನ ಹಳೇ ಯುದ್ಧ ಗೌರವಗಳಲ್ಲಿ "ಅಬಿಸೀನಿಯಾ" (ಇಥಿಯೋಪಿಯಾದ ಹಳೇ ಹೆಸರು) ಅಂತ ಒಂದಿದೆ, ಅದು ಇದೇ ಯುದ್ಧದ್ದು. ರಸ್ತೆ ಕಡಿದು ದಾರಿ ಮಾಡಿಕೊಟ್ಟೋರು ಇವ್ರೇ. ನಾವೇನು ಬರೀ ಪ್ರೇಕ್ಷಕರಲ್ಲ ಈ ಕತೇಲಿ.

ಸಾಫ್ಟ್‌ವೇರ್_ಸುಬ್ಬ
ಅಬ್ಬ, ನಮ್ಮ ಹಲಸೂರು ಕೆರೆ ಪಕ್ಕದೋರಾ!

ಕುಡ್ಲದ_ನಾಣ್ಯ
ನಂಟು ಅದಕ್ಕಿಂತ ಹಳತುಂಟು ಮಾರಾಯ್ರೆ. ಎರಿಟ್ರಿಯಾದ ಕರಾವಳಿಯಲ್ಲಿ ಅಡುಲಿಸ್ ಅಂತ ಬಂದರು, ಅಕ್ಸುಮ್ ಅನ್ನುವ ಪ್ರಾಚೀನ ರಾಜ್ಯದ ಬಾಗಿಲು ಅದು, ಒಂದನೇ ಶತಮಾನದ ಪೆರಿಪ್ಲಸ್ ಅನ್ನುವ ಗ್ರೀಕ್ ನೌಕಾಯಾನ ಪುಸ್ತಕದಲ್ಲೇ ಬರ್ತದೆ, ಭಾರತದ ಬಟ್ಟೆ ಕಬ್ಬಿಣ ಎಲ್ಲ ಅಲ್ಲಿ ಇಳೀತಿತ್ತು. ದೆಬ್ರೆ ದಾಮೊ ಅಂತ ಹಗ್ಗ ಹಿಡ್ಕೊಂಡು ಹತ್ತಬೇಕಾದ ಒಂದು ಮಠ ಉಂಟು ಉತ್ತರ ಇಥಿಯೋಪಿಯಾದ ತಿಗ್ರಾಯ್‌ನಲ್ಲಿ, ಅಲ್ಲಿ 1940ರಲ್ಲಿ ನೂರಕ್ಕಿಂತ ಜಾಸ್ತಿ ಕುಶಾನರ ಚಿನ್ನದ ನಾಣ್ಯ ಸಿಕ್ಕಿದ್ದು. ಈಚೆ ಕಡೆ ನಮ್ಮ ಮಂಗಳೂರಿನ ಹೆಸರಲ್ಲಿ ಗುರುತಿಸುವ ಒಂದು ನಿಧಿಯಲ್ಲಿ ರೋಮನ್ ನಾಣ್ಯದ ಜೊತೆ ಅಕ್ಸುಮ್ ರಾಜರ ಚಿನ್ನದ ನಾಣ್ಯ ಉಂಟು. ತೂತು ಮಾಡಿದ್ದಾರೆ, ಕುತ್ತಿಗೆಗೆ ಹಾಕ್ಲಿಕ್ಕೆ ಇರ್ಬೇಕು. ಅಕ್ಸುಮಿನವರು ಮೂರನೇ ಶತಮಾನದ ಕೊನೆಗೇ ಸ್ವಂತ ಚಿನ್ನದ ನಾಣ್ಯ ಹೊಡೆಸಿದವರು ಆಯ್ತಾ, ಆ ಕಾಲದಲ್ಲಿ ಆ ಧೈರ್ಯ ಬಹಳ ಕಡಿಮೆ ರಾಜ್ಯಗಳಿಗೆ ಇದ್ದದ್ದು.

ಯಲ್ಲಾಪುರ_ಕಾಡು
ಒಂದು ಮಾತು ಈಗ್ಲೇ ಹೇಳ್ಬಿಡ್ತೇನೆ, ಇಲ್ಲಾಂದ್ರೆ ಥ್ರೆಡ್ ಆ ಕಡೆ ಹೋಗೋದು ಗ್ಯಾರಂಟಿ. ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಜನರನ್ನ ನೋಡಿ "ಇವ್ರು ಇಥಿಯೋಪಿಯಾದೋರು" ಅಂತ ಯೂಟ್ಯೂಬ್‌ನೋರೆಲ್ಲ ಹೇಳ್ತಾರೆ. ಡಿಎನ್ಎ ಸ್ಟಡಿ ಆಗಿದೆ, ಅವರ ಆಫ್ರಿಕನ್ ಮೂಲ ಮುಖ್ಯವಾಗಿ ಬಂಟು ಭಾಷೆ ಆಡೋ ಪ್ರದೇಶದ್ದು. ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಗೋವಾಕ್ಕೆ ಗುಲಾಮರನ್ನ ತಂದಿದ್ದು, ಅವರಲ್ಲಿ ಎಷ್ಟೋ ಜನ ತಪ್ಪಿಸ್ಕೊಂಡು ಘಟ್ಟದ ಕಾಡಿಗೆ ಬಂದಿದ್ದು. ಬಿಜಾಪುರ, ಅಹಮದ್‌ನಗರದ ಹಬ್ಶಿ ಸರದಾರರ ಕತೆ ಬೇರೆ. ಮಲಿಕ್ ಅಂಬರ್ ದಕ್ಷಿಣ ಇಥಿಯೋಪಿಯಾದ ಕಂಬಾಟ ಕಡೆಯವನು, ಚಾಪು ಅಂತ ಹುಟ್ಟಿದ ಹೆಸರು, ಅಂತ ಇತಿಹಾಸಕಾರರು ಹೇಳ್ತಾರೆ. ಎರಡನ್ನೂ ಒಂದೇ ಗಂಟು ಕಟ್ಬೇಡಿ.

ಗಂಗಾವತಿ_ಹುಡ್ಗ
ಇದನ್ನ ನಮ್ಮ ಗೈಡ್‌ಗ ಓದಿ ಹೇಳ್ತೀನ್ರಿ, ಅವ್ರೂ ಎರಡೂ ಒಂದ ಅಂತಾರ.
ಕಂಬಾಟ ಅಂದ್ರಲ್ಲ, ಅಲ್ಲೇ ನೋಡ್ರಿ ನನ್ನ ಪ್ರಶ್ನಿ. ನಮ್ಮ ದಖ್ಖನಿಗೆ ಬಂದವ್ರೊಳಗ ಭಾಳ ಮಂದಿ ಆ ದಕ್ಷಿಣದ ಕಡೆಯಿಂದ, ಗುಲಾಮರ ದಾರಿ ಹಿಡದು ಬಂದವ್ರು. ಆದ್ರ ಪುಸ್ತಕ ತಗದ್ರ ಬರೇ ಉತ್ತರದ ಚರ್ಚು. ಯಾಕ?

ಹ್ಯಾಂಬರ್ಗ್_ಮಳೆ
ಯಾಕೆ ಅಂದ್ರೆ ಬರೆದಿಟ್ಟಿದ್ದು ಉತ್ತರದಲ್ಲಿ ಇತ್ತು, ಓದೋಕೆ ಬಂದೋರು ಬೈಬಲ್ ಪಂಡಿತರು. ಎನೋಕನ ಪುಸ್ತಕ ಅನ್ನೋ ಹಳೇ ಯಹೂದಿ ಗ್ರಂಥ ಪೂರ್ತಿ ಉಳಿದಿರೋದು ಗೀಝ್‌ನಲ್ಲಿ ಮಾತ್ರ, ಜೇಮ್ಸ್ ಬ್ರೂಸ್ ಅನ್ನೋ ಸ್ಕಾಟ್ಲೆಂಡಿನವನು 1773ರಲ್ಲಿ ಅದರ ಪ್ರತಿಗಳನ್ನ ಯುರೋಪಿಗೆ ತಂದ ಮೇಲೆ ಅವರಿಗೆ ಇಥಿಯೋಪಿಯಾ ಅಂದ್ರೆ ಕಳೆದುಹೋದ ಪುಸ್ತಕ ಸಿಗೋ ಕಪಾಟು ಆಗೋಯ್ತು. ಜರ್ಮನಿಯ ಡಿಲ್‌ಮನ್ 1857ಕ್ಕೆ ಗೀಝ್ ವ್ಯಾಕರಣ, 1865ಕ್ಕೆ ನಿಘಂಟು ಮಾಡಿದ. ಅದ್ಭುತ ಕೆಲಸ, ಇವತ್ತಿಗೂ ಅದಿಲ್ದೆ ಆಗಲ್ಲ. ಆದ್ರೆ ಆ ಕಣ್ಣಿಗೆ ಬರವಣಿಗೆ ಇಲ್ಲದ ಜನ ಕಾಣ್ಲೇ ಇಲ್ಲ. ಆಮೇಲೆ ಇಟಲಿಯ ಕಾರ್ಲೊ ಕೊಂಟಿ ರೊಸ್ಸಿನಿ ಬಂದ, ಇಥಿಯೋಪಿಯಾ ಅಂದ್ರೆ "ಜನಾಂಗಗಳ ಮ್ಯೂಸಿಯಂ" ಅಂದ. ಕೇಳೋಕೆ ಚೆನ್ನಾಗಿದೆ, ಆದ್ರೆ ಮ್ಯೂಸಿಯಂನಲ್ಲಿ ಇರೋ ವಸ್ತುಗಳು ಒಂದಕ್ಕೊಂದು ಮಾತಾಡಲ್ಲ ಅಲ್ವಾ. ಅರೇಬಿಯಾದಿಂದ ಕೆಂಪು ಸಮುದ್ರ ದಾಟಿ ಬಂದ ಸೆಮಿಟಿಕ್ ಜನ ನಾಗರಿಕತೆ ತಂದ್ರು, ಉಳಿದೋರು ಅದನ್ನ ಪಡ್ಕೊಂಡ್ರು, ಇದು ಆ ಕಾಲದ ಕತೆ. ಉತ್ತರದ ಯೆಹಾ ಊರಿನ ಹಳೇ ದೇವಸ್ಥಾನದ ಮೇಲೆ ದಕ್ಷಿಣ ಅರೇಬಿಯಾದ ಪ್ರಭಾವ ಎದ್ದು ಕಾಣುತ್ತೆ, ಅದನ್ನ ಯಾರೂ ಇಲ್ಲ ಅನ್ನಲ್ಲ, ಆದ್ರೆ ದೊಡ್ಡ ವಲಸೆ ಬಂದು ಎಲ್ಲಾನೂ ಅವ್ರೇ ಕಟ್ಟಿದ್ರು ಅನ್ನೋದನ್ನ ಇವತ್ತಿನ ಪುರಾತತ್ವದವರು ಸುಲಭಕ್ಕೆ ಒಪ್ಪಲ್ಲ.

1974ರಲ್ಲಿ ಶಿಕಾಗೋದ ಡೊನಾಲ್ಡ್ ಲೆವೀನ್ ಈ ಮ್ಯೂಸಿಯಂ ಮಾತಿಗೆ ಎದುರು ನಿಂತು, ಇದು ಒಂದರೊಳಗೊಂದು ಹೆಣೆದುಕೊಂಡ ಜನಗಳ ನಾಡು, ವ್ಯಾಪಾರ, ಮದುವೆ, ಜಗಳ, ಜಾತ್ರೆ ಎಲ್ಲಾ ಸೇರಿ ಆಗಿದ್ದು ಅಂತ ಬರೆದ. ಅದಕ್ಕೂ ತಕರಾರಿದೆ, ಓರೊಮೋ ಪಂಡಿತರು "ನೀನು ಸಾಮ್ರಾಜ್ಯಕ್ಕೆ ಸುಣ್ಣ ಬಳಿದೆ" ಅಂತಾರೆ. ಎರಡೂ ಕಡೆ ಓದ್ಬೇಕು.

ರಿಟೈರ್ಡ್_ಮೇಷ್ಟ್ರು
ದಕ್ಷಿಣದ ಜನರ ಬಗ್ಗೆ ಹಳೇ ಬರಹ ಬೇಕು ಅಂದ್ರೆ ಯುರೋಪಿನೋರ ಹತ್ರಾನೇ ಹೋಗ್ಬೇಕಿಲ್ಲ. 1593ರಲ್ಲಿ ಬಾಹ್ರೆಯ್ ಅನ್ನೋ ಸನ್ಯಾಸಿ, ಗಾಮೊ ನಾಡಿನವನು, ಓರೊಮೋ ಜನರ ಬಗ್ಗೆ ಗೀಝ್‌ನಲ್ಲಿ ಒಂದು ಚಿಕ್ಕ ಪುಸ್ತಕ ಬರೆದ. ಅವರು ಅವನಿಗೆ ಶತ್ರುಗಳು, ಅವನ ಊರು ಲೂಟಿ ಆಗಿತ್ತು. ಆದ್ರೂ ಅವರ ಕುಲ ಯಾವ್ದು, ಎಂಟೆಂಟು ವರ್ಷಕ್ಕೆ ಅಧಿಕಾರ ಹೇಗೆ ಬದಲಾಗುತ್ತೆ, ಯಾವ ಪೀಳಿಗೆ ಎಲ್ಲಿಗೆ ದಾಳಿ ಮಾಡ್ತು, ಎಲ್ಲಾ ಲೆಕ್ಕ ಇಟ್ಟಿದಾನೆ. ಕೊನೇಲಿ ಕೇಳ್ತಾನೆ, ನಾವು ಇಷ್ಟೊಂದು ಜನ ಇದೀವಿ, ಆಯುಧ ಇದೆ, ಅವ್ರು ನಮ್ಮನ್ನ ಹೇಗೆ ಸೋಲಿಸ್ತಾರೆ? ಉತ್ತರಾನೂ ಅವನೇ ಕೊಡ್ತಾನೆ. ನಮ್ಮ ಸಮಾಜದಲ್ಲಿ ಹತ್ತು ವರ್ಗ, ಅದರಲ್ಲಿ ಒಂಬತ್ತು ವರ್ಗ ಯುದ್ಧಕ್ಕೆ ಹೋಗಲ್ಲ, ಸನ್ಯಾಸಿಗಳು, ಪಂಡಿತರು, ಹೀಗೆ ಒಬ್ಬೊಬ್ಬರಿಗೆ ಒಂದೊಂದು ನೆಪ. ಅವರಲ್ಲಿ ಚಿಕ್ಕೋರು ದೊಡ್ಡೋರು ಎಲ್ಲಾ ಹೋರಾಡ್ತಾರೆ. ತನ್ನ ಮಠದ ಅಣ್ಣತಮ್ಮಂದಿರನ್ನೇ ಹೀಗೆ ಎತ್ತಿ ಆಡಿರೋ ಸನ್ಯಾಸಿ! ಸಮಾಜಶಾಸ್ತ್ರ ಅಂದ್ರೆ ಇನ್ನೇನು. ಆ ಪುಸ್ತಕ ಅವರನ್ನ ಕರೆಯೋ ಹಳೇ ಹೆಸರು ಮಾತ್ರ ಈಗ ಬೈಗುಳ, ನಿನ್ನ ಪೇಪರಲ್ಲಿ ಬಳಸ್ಬೇಡ, ಓರೊಮೋ ಅಂತಾನೇ ಬರಿ.

ಗಂಗಾವತಿ_ಹುಡ್ಗ
ಮೇಷ್ಟ್ರ, ಎಂಟು ವರ್ಷಕ್ಕ ಅಧಿಕಾರ ಬದಲಿ ಅಂದ್ರ ಅದು ಗದಾ ಪದ್ಧತಿ ಏನ್ರಿ?

ಹ್ಯಾಂಬರ್ಗ್_ಮಳೆ
ಹೌದು ಅದೇ. ಒಂದೊಂದು ಘಟ್ಟ ಎಂಟು ವರ್ಷ, ಅಪ್ಪನಿಗೂ ಮಗನಿಗೂ ಮಧ್ಯೆ ಐದು ಘಟ್ಟ ಅಂದ್ರೆ 40 ವರ್ಷದ ಅಂತರ ಇರ್ಲೇಬೇಕು, ಹುಟ್ಟಿದ ವಯಸ್ಸು ಲೆಕ್ಕಕ್ಕಿಲ್ಲ, ಅಪ್ಪ ಎಲ್ಲಿದಾನೆ ಅನ್ನೋದು ಲೆಕ್ಕ. ಅಧಿಕಾರಕ್ಕೆ ಬಂದ ತಂಡ ಎಂಟು ವರ್ಷ ಆದ್ಮೇಲೆ ಇಳೀಲೇಬೇಕು. ಓರೊಮೋ ಜನರಲ್ಲೇ ಒಂದು ಗುಂಪಾದ ಬೋರಾನರು ಎಂಟು ವರ್ಷಕ್ಕೊಮ್ಮೆ ಗುಮಿ ಗಾಯೋ ಅಂತ ದೊಡ್ಡ ಸಭೆ ಸೇರಿ ಕಾನೂನನ್ನ ಮತ್ತೆ ಚರ್ಚೆ ಮಾಡ್ತಾರೆ, ಆ ಸಭೆ ಮುಂದೆ ಅಬ್ಬಾ ಗದಾ ಅಂದ್ರೆ ಅಧಿಕಾರದಲ್ಲಿರೋ ಮುಖ್ಯಸ್ಥನೂ ಉತ್ತರ ಕೊಡ್ಬೇಕು. ಯುನೆಸ್ಕೋ 2016ರಲ್ಲಿ ಇದನ್ನ ಪಟ್ಟಿಗೆ ಸೇರಿಸ್ತು. ಇದರ ಬಗ್ಗೆ ಕ್ಲಾಸಿಕ್ ಅನ್ನೋ ಪುಸ್ತಕ 1973ರಲ್ಲಿ ಬರೆದೋರು ಅಸ್ಮರೋಮ್ ಲೆಗೆಸ್ಸೆ. ಅವ್ರು ಎಲ್ಲಿಯೋರು ಗೊತ್ತಾ? ಅಸ್ಮಾರಾದೋರು, ಎರಿಟ್ರಿಯಾ! ಎರಿಟ್ರಿಯಾದ ಮನುಷ್ಯ ದಕ್ಷಿಣದ ಗಡಿಯ ದನಗಾಹಿ ಬೋರಾನರ ಜೊತೆ ಇದ್ದು ಬರೆದಿದ್ದನ್ನ ಇವತ್ತು ಓರೊಮೋ ರಾಜಕಾರಣಿಗಳು "ನಮ್ಮ ಪ್ರಜಾಪ್ರಭುತ್ವ" ಅಂತ ವೇದಿಕೆ ಮೇಲೆ ಹೇಳ್ತಾರೆ. ಇದು ನಂಗೆ ಬಹಳ ಇಷ್ಟದ ವಿಷಯ.

ಸಂಶಯ_ಸೋಮ
ಹೆಂಗಸರಿಗೆ ಗದಾದಲ್ಲಿ ಅಧಿಕಾರ ಇಲ್ಲ ಅನ್ನೋದನ್ನೂ ಸೇರಿಸಿ. ಪ್ರಜಾಪ್ರಭುತ್ವ ಅಂತೆ.

ಹ್ಯಾಂಬರ್ಗ್_ಮಳೆ
ಸೇರಿಸ್ತೀನಿ. ಅದರ ಪಕ್ಕದಲ್ಲಿ ಸಿಂಕೆ ಅನ್ನೋದನ್ನೂ ಸೇರಿಸಿ, ಮದುವೆ ದಿನ ಹೆಣ್ಣಿಗೆ ಸಿಗೋ ಕೋಲು, ಅನ್ಯಾಯ ಆದ್ರೆ ಹೆಂಗಸರು ಅದನ್ನ ಹಿಡಿದು ಒಟ್ಟಾಗಿ ಹೊರಗೆ ಬರ್ತಾರೆ, ಗಂಡಸರು ಸಮಾಧಾನ ಮಾಡ್ಲೇಬೇಕು. ಗಂಡಸು ಸಂಶೋಧಕರು ಇದನ್ನ ತುಂಬಾ ದಿನ ಸೈಡಿಗೆ ಇಟ್ಟಿದ್ರು.

ಕುಡ್ಲದ_ನಾಣ್ಯ
ಓರೊಮೋ ಭಾಷೆಯ ಕತೆಯೂ ಎರಿಟ್ರಿಯಾದಲ್ಲೇ ಶುರು ಆಗುದು, ಇದನ್ನು ನಾನು ಹೇಳ್ತೇನೆ ಯಾಕಂದ್ರೆ ಇದರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಬರ್ತದೆ. ಒನೆಸಿಮೋಸ್ ನೆಸಿಬ್ ಅಂತ, ಸಣ್ಣ ಹುಡುಗ ಇರುವಾಗ ಗುಲಾಮನಾಗಿ ಮಾರಾಟ ಆದವ, ಎರಿಟ್ರಿಯಾದ ಮಸ್ಸಾವ ಬಂದರಿನಲ್ಲಿ 1870ರಲ್ಲಿ ಬಿಡುಗಡೆ ಆಯ್ತು, ಸ್ವೀಡಿಷ್ ಮಿಷನ್ ಶಾಲೆಯಲ್ಲಿ ಓದಿದ. ಆಸ್ತೇರ್ ಗನ್ನೊ ಅಂತ ಇನ್ನೊಬ್ಬಳು, ಅವಳೂ ಗುಲಾಮಗಿರಿಯಿಂದ ಬಿಡಿಸಿದ ಹುಡುಗಿ, ಸ್ವಂತ ನೆನಪಿನಿಂದ ಓರೊಮೋ ಹಾಡು, ಗಾದೆ, ಒಗಟು, ಕತೆ ಸುಮಾರು 500 ಬರೆದಿಟ್ಟಳು. ಇಬ್ಬರೂ ಸೇರಿ 1894ರಲ್ಲಿ ಓರೊಮೋ ಓದುವ ಪುಸ್ತಕ ತಂದರು. ನಮ್ಮ ಕಿಟ್ಟೆಲ್ ಕೋಶ ಮಂಗಳೂರಲ್ಲಿ ಅಚ್ಚಾದದ್ದೂ 1894 ಮಾರಾಯ್ರೆ! ಅವರ ಓರೊಮೋ ಬೈಬಲ್ 1899ರಲ್ಲಿ ಅಚ್ಚಾದದ್ದು ಬಾಸೆಲ್ ಪಕ್ಕದ ಸೇಂಟ್ ಕ್ರಿಶೋನದಲ್ಲಿ.

ಅದಕ್ಕಿಂತ ಮುಂಚೆ ಇಸೆನ್‌ಬರ್ಗ್ ಅಂತ ಬಾಸೆಲಿನಲ್ಲಿ ತಯಾರಾದ ಮಿಷನರಿ 1841ರಲ್ಲಿ ಅಮ್ಹಾರಿಕ್ ನಿಘಂಟು ಮಾಡಿ, ಅಲ್ಲಿಂದ ಹೊರಗೆ ಹಾಕಿಸಿಕೊಂಡು, ಆಮೇಲೆ ಬಾಂಬೆಗೆ ಬಂದ. ಅವನ ಮಗ ಮದುವೆ ಆದದ್ದು ಮಲಯಾಳಂ ನಿಘಂಟಿನ ಗುಂಡರ್ಟ್ ಮಗಳನ್ನು. ಗಂಡ ತೀರಿದ ಮೇಲೆ ಅವಳು ಎರಡನೇ ಮದುವೆ ಆದದ್ದು ಇಲ್ಲಿ ನಮ್ಮ ಕಡೆ ಕೆಲಸ ಮಾಡಿದ್ದ ಯೊಹಾನೆಸ್ ಹೆಸ್ಸೆಯನ್ನು, ಅವರ ಮಗನೇ ಹರ್ಮನ್ ಹೆಸ್ಸೆ, ನೊಬೆಲ್ ಸಿಕ್ಕಿದವ. ಸಂಬಂಧ ಇಲ್ಲದ ವಿಷಯ, ಆದರೂ ಹೇಳದೆ ಇರ್ಲಿಕ್ಕೆ ಆಗುದಿಲ್ಲ.

ಸಾಫ್ಟ್‌ವೇರ್_ಸುಬ್ಬ
ಅಮ್ಹಾರಿಕ್ ನಿಘಂಟಿಂದ ಹರ್ಮನ್ ಹೆಸ್ಸೆ ವಯಾ ಮಂಗ್ಳೂರು. ಈ ಥ್ರೆಡ್ ಓದೋಕೆ ಆಫೀಸ್ ಕೆಲ್ಸ ಬಿಟ್ಟೆ.

ಗಂಗಾವತಿ_ಹುಡ್ಗ
ಅಕ್ಕಾರ, ಆ "ಮತ್ತು" ಬಗ್ಗೆ ಹೇಳ್ತೀನಿ ಅಂದಿದ್ರಿ, ಎರಿಟ್ರಿಯಾದ್ದು.

ಹ್ಯಾಂಬರ್ಗ್_ಮಳೆ
ಹೂಂ ಮರೆತಿಲ್ಲ. ಎರಿಟ್ರಿಯಾ 1890ರಿಂದ ಇಟಲಿ ವಸಾಹತು, 1941ರಿಂದ ಬ್ರಿಟಿಷರ ಮಿಲಿಟರಿ ಆಡಳಿತ, 1952ಕ್ಕೆ ಇಥಿಯೋಪಿಯಾ ಜೊತೆ ಒಕ್ಕೂಟ, 1962ಕ್ಕೆ ಪೂರ್ತಿ ನುಂಗಿದ್ರು, ಮೂವತ್ತು ವರ್ಷ ಯುದ್ಧ, 1991ಕ್ಕೆ ಬಿಡುಗಡೆ, 1993ಕ್ಕೆ ಜನಮತ. ಅಂದ್ರೆ ಈ ಫೀಲ್ಡ್ ಗಟ್ಟಿಯಾದ ಕಾಲದಲ್ಲಿ ಎರಿಟ್ರಿಯಾ ಬೇರೆ ದೇಶ ಆಗಿರ್ಲೇ ಇಲ್ಲ, 1959ರಲ್ಲಿ ರೋಮ್‌ನಲ್ಲಿ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ಆದಾಗ್ಲೂ ಹೆಸರು "ಇಥಿಯೋಪಿಯನ್" ಅಷ್ಟೇ. ತಮಾಷೆ ಏನಂದ್ರೆ ಜನಾಂಗ ಅಧ್ಯಯನದ ಹಳೇ ಸರಕು ಜಾಸ್ತಿ ಇರೋದು ಎರಿಟ್ರಿಯಾದ್ದೇ, ಇಟಲಿಯವರಿಗೆ ಆಳೋಕೆ ಅದು ಬೇಕಿತ್ತು. ಮೇಲೆ ಹೇಳಿದ ಕೊಂಟಿ ರೊಸ್ಸಿನಿ ಅಲ್ಲಿ ಅಧಿಕಾರಿ ಆಗಿದ್ದವನೇ, 1916ರಲ್ಲಿ ಅಲ್ಲಿನ ರೂಢಿ ಕಾನೂನಿನ ಬಗ್ಗೆ ದೊಡ್ಡ ಪುಸ್ತಕ ಬರೆದ. ಎತ್ತರದ ನಾಡಿನ ತಿಗ್ರಿನ್ಯಾ ಭಾಷೆಯ ಹಳ್ಳಿಗಳು ಜಮೀನು, ಮದುವೆ, ಕೊಲೆಗೆ ಪರಿಹಾರ ಇವಕ್ಕೆಲ್ಲ ತಮ್ಮದೇ ಕಟ್ಟಳೆ ಮಾಡ್ಕೊಂಡಿದ್ವು, ಅವನ್ನ ಬರಹಕ್ಕೂ ಇಳಿಸಿದ್ರು. ಪೊಲ್ಲೆರಾ ಅಂತ ಇನ್ನೊಬ್ಬ ಅಧಿಕಾರಿ, ಎರಿಟ್ರಿಯಾದ ಹೆಂಗಸರ ಜೊತೆ ಸಂಸಾರ ಮಾಡಿದ, ಮಕ್ಕಳಾದ್ವು, ಮುಸೊಲಿನಿ ಜನಾಂಗ ಕಾನೂನು ತಂದಾಗ ತನ್ನ ಮಕ್ಕಳಿಗಾಗಿ ಸರ್ಕಾರದ ಜೊತೆ ಗುದ್ದಾಡಿದ. ಅದೇ ವ್ಯಕ್ತಿ ವಸಾಹತು ಅಧಿಕಾರಿನೂ ಹೌದು, ಜನರ ಬಗ್ಗೆ ಪ್ರೀತಿಯಿಂದ ಬರೆದೋನೂ ಹೌದು. ಒಂದು ಚೀಟಿ ಅಂಟಿಸಿ ಪಕ್ಕಕ್ಕಿಡೋಕೆ ಆಗಲ್ಲ.

ಆದ್ರೆ ನಂಗೆ ಎಲ್ಲಕ್ಕಿಂತ ಕಾಡೋದು ನಫ್ಫಾ ವದ್ ಎತ್ಮಾನ್. ತಿಗ್ರೆ ಭಾಷೆ (ತಿಗ್ರಿನ್ಯಾ ಬೇರೆ, ಇದು ಬೇರೆ, ಎಲ್ಲರೂ ಗೊಂದಲ ಮಾಡ್ಕೋತಾರೆ), ಮೆನ್ಸಾ ಅನ್ನೋ ಜನ. ಎನ್ನೋ ಲಿಟ್‌ಮನ್ ಅನ್ನೋ ಜರ್ಮನ್ ಪ್ರಿನ್ಸ್‌ಟನ್ ತಂಡದ ಜೊತೆ 1905ರಲ್ಲಿ ಅವರ ಊರಿಗೆ ಬಂದ. ಅದಾದ್ಮೇಲೆ 1906ರಲ್ಲಿ ಅಕ್ಸುಮ್‌ನಲ್ಲಿ ದೊಡ್ಡ ಉತ್ಖನನ ನಡೆಸಿದ, ಅದಕ್ಕೇ ಅವನಿಗೆ ಹೆಸರು ಜಾಸ್ತಿ. ನಫ್ಫಾ ಮಿಷನ್ ಶಾಲೇಲಿ ಓದಿದ ಯುವಕ, ತನ್ನ ಜನರ ಹಾಡು, ಕತೆ, ಹೆಸರು, ಶಕುನ ಎಲ್ಲ ಸಂಗ್ರಹ ಮಾಡಿ ಬರೆದುಕೊಟ್ಟ. 700ಕ್ಕೂ ಹೆಚ್ಚು ಹಾಡು! ಆಮೇಲೆ ಜರ್ಮನಿಗೆ, ಸ್ಟ್ರಾಸ್‌ಬರ್ಗ್‌ಗೂ ಹೋಗಿ ಅನುವಾದಕ್ಕೆ ಕೂತ. 1909ರಲ್ಲಿ ಊರಿಗೆ ಹೊರಟೋನು ಸಮುದ್ರ ಪ್ರಯಾಣದಲ್ಲೇ ತೀರ್ಕೊಂಡ. ಪುಸ್ತಕ ಬಂದಾಗ ನೋಡೋಕೆ ಅವನಿಲ್ಲ. ಗೋರ್ಗೋರ್ಯೋಸ್ 1658, ನಫ್ಫಾ 1909, ಇಬ್ಬರೂ ವಾಪಸ್ ಹೋಗೋ ಹಡಗಲ್ಲಿ.

ಯಲ್ಲಾಪುರ_ಕಾಡು
ಛೆ.

ಸಂಶಯ_ಸೋಮ
ಇದೇ ನಾನು ಹೇಳ್ತಿರೋದು. ಕೊಂಟಿ ರೊಸ್ಸಿನಿನ ಹೊಗಳ್ಬೇಡಿ ಮೇಡಂ, ಇಟಲಿ ದಾಳಿ ಮಾಡಿದ ಹೊತ್ತಲ್ಲಿ 1935ರಲ್ಲಿ ಅದೇ ಮನುಷ್ಯ ಇಥಿಯೋಪಿಯಾಗೆ ನಾಗರಿಕವಾಗಿ ಮುಂದುವರಿಯೋ ಶಕ್ತಿನೇ ಇಲ್ಲ ಅಂತ ಲೇಖನ ಬರೆದ. ಜೀವಮಾನ ಪೂರ್ತಿ ಅವರ ಪುಸ್ತಕ ಓದಿ ಕೊನೆಗೆ ಈ ಮಾತು. "ಹತಾತಾ" ಫೇಕ್ ಅಂದೋನೂ ಅವನೇ.

ಗಂಗಾವತಿ_ಹುಡ್ಗ
ಹತಾತಾ ಅಂದ್ರ?

ಸಂಶಯ_ಸೋಮ
ಝೆರಾ ಯಾಕೋಬ್ ಬರೆದ ಅನ್ನೋ ತತ್ವದ ಪುಸ್ತಕ. ಅವನು ಅಕ್ಸುಮ್ ಹತ್ರ ಹುಟ್ಟಿದೋನು, ಸುಸೆನ್ಯೋಸ್ ರಾಜ ಕ್ಯಾಥೊಲಿಕ್ ಆಗಿ ಜನರನ್ನ ಹಿಂಸೆ ಮಾಡ್ತಿದ್ದಾಗ ಎರಡು ವರ್ಷ ಗುಹೇಲಿ ಅಡಗಿದ್ದ, ಅಲ್ಲಿ ಕೂತು ಯೋಚನೆ ಮಾಡ್ದ, ಎಲ್ಲಾ ಧರ್ಮದೋರೂ ನಮ್ದೇ ಸರಿ ಅಂತಾರೆ, ಹಾಗಾದ್ರೆ ನ್ಯಾಯ ಹೇಳೋರು ಯಾರು, ದೇವರು ಕೊಟ್ಟ ಬುದ್ಧಿನೇ ಹೇಳ್ಬೇಕು. ಉಪವಾಸ ಪ್ರಶ್ನೆ ಮಾಡ್ತಾನೆ, ಗುಲಾಮಗಿರಿ ತಪ್ಪು ಅಂತಾನೆ, ಗಂಡ ಹೆಂಡತಿ ಸಮಾನ ಅಂತಾನೆ. 1667ರಲ್ಲಿ ಬರೆದದ್ದು ಅಂತ ಪುಸ್ತಕವೇ ಹೇಳುತ್ತೆ. ಡೆಕಾರ್ಟ್ ಕಾಲ! ಆಫ್ರಿಕಾದ ತತ್ವಶಾಸ್ತ್ರ ಅಂದ್ರೆ ಎಲ್ಲರೂ ಇದನ್ನ ಮೊದಲು ತೋರಿಸ್ತಾರೆ.

ಹ್ಯಾಂಬರ್ಗ್_ಮಳೆ
ಇಲ್ಲಿ ಸ್ವಲ್ಪ ನಿಧಾನ. ಆ ಹಸ್ತಪ್ರತಿ ಯುರೋಪಿಗೆ ಬಂದಿದ್ದು 1850ರ ದಶಕದಲ್ಲಿ. ಕಳಿಸಿದೋನು ಜುಸ್ಟೊ ದ ಉರ್ಬಿನೊ ಅನ್ನೋ ಇಟಾಲಿಯನ್ ಕಪುಚಿನ್ ಪಾದ್ರಿ, ಹಸ್ತಪ್ರತಿ ಸಂಗ್ರಹ ಮಾಡ್ತಿದ್ದ ಅಂತ್ವಾನ್ ದಬ್ಬಾದಿಗೆ. ಜುಸ್ಟೊ ಗೀಝ್ ಚೆನ್ನಾಗಿ ಕಲಿತಿದ್ದ, ಅವನಿಗೇ ಚರ್ಚಿನ ಮೇಲೆ ಅನುಮಾನ ಇತ್ತು, ಸನ್ಯಾಸಕ್ಕೆ ಮುಂಚೆ ಅವನ ಹೆಸರು ಯಾಕೊಪೊ ಅಂದ್ರೆ ಯಾಕೋಬ್. ಇದನ್ನೆಲ್ಲ ಇಟ್ಕೊಂಡು 1920ರಲ್ಲಿ ಕೊಂಟಿ ರೊಸ್ಸಿನಿ, ಇದು ಪಾದ್ರಿಯೇ ಬರೆದಿದ್ದು ಅಂದ. 1970ರ ದಶಕದಲ್ಲಿ ಅಡಿಸ್‌ನಲ್ಲಿ ಪಾಠ ಮಾಡ್ತಿದ್ದ ಕೆನಡಾದ ಜೆಸ್ಯೂಟ್ ಕ್ಲಾಡ್ ಸಮ್ನರ್, ಅಲ್ಲ ಇದು ಅಸಲಿ ಅಂತ ವಾದ ಮಾಡಿದ್ರು. ಇತ್ತೀಚೆಗೆ ಫ್ರಾನ್ಸಿನ ಅನಾಯಿಸ್ ವಿಯೋನ್ ಮತ್ತೆ ಕಾಗದಪತ್ರ ಕೆದಕಿ ನಕಲಿ ಅಂತಾರೆ. ಕೊಂಟಿ ರೊಸ್ಸಿನಿ ರಾಜಕೀಯ ಹೊಲಸು ಅನ್ನೋ ಕಾರಣಕ್ಕೆ ಅವನ ವಾದ ಸುಳ್ಳಾಗಲ್ಲ ಸೋಮಣ್ಣ. ಹಾಗೇನೇ ಅವನ ವಾದ ಗಟ್ಟಿ ಇದೆ ಅಂತ ಇಥಿಯೋಪಿಯಾದಲ್ಲಿ ಯೋಚನೆ ಮಾಡೋರೇ ಇರ್ಲಿಲ್ಲ ಅಂತಾನೂ ಆಗಲ್ಲ. ಕೆನೆ ಅನ್ನೋ ಗೀಝ್ ಕಾವ್ಯ ಓದಿ, ಮೇಲೆ ಒಂದರ್ಥ, ಒಳಗೆ ಇನ್ನೊಂದು, ನಮ್ಮ ಶ್ಲೇಷ ಇದ್ದಂಗೆ, ಪಾಠಶಾಲೇಲಿ ವರ್ಷಗಟ್ಲೆ ಕಲೀತಾರೆ. ಆ ಜಗತ್ತಿನ ವಿಚಾರವಂತಿಕೆ ನಿಲ್ಲೋಕೆ ಒಂದು ಹತಾತಾ ಮೇಲೆ ಆತ್ಕೋಬೇಕಿಲ್ಲ.

ರಿಟೈರ್ಡ್_ಮೇಷ್ಟ್ರು
ಇದ್ರಲ್ಲಿ ಗೆತಾಚೆವ್ ಹೈಲೆ ಅವರ ಹೆಸರು ಬರ್ಲೇಬೇಕಮ್ಮ. ಗೀಝ್‌ನ ದೊಡ್ಡ ವಿದ್ವಾಂಸ. 1975ರಲ್ಲಿ ದೆರ್ಗ್ ಅನ್ನೋ ಮಿಲಿಟರಿ ಸರ್ಕಾರದ ಸೈನಿಕರು ಮನೆಗೆ ಬಂದು ಗುಂಡು ಹಾರಿಸಿದ್ರು, ಅಲ್ಲಿಂದ ಆಚೆ ವ್ಹೀಲ್‌ಚೇರು. ಅಮೆರಿಕದ ಮಿನೆಸೊಟಾದಲ್ಲಿ ಒಂದು ಬೆನೆಡಿಕ್ಟೈನ್ ಮಠದ ಲೈಬ್ರರಿ ಇದೆ, ಅಲ್ಲಿ ಕೂತು ಇಥಿಯೋಪಿಯಾದಿಂದ ಮೈಕ್ರೋಫಿಲ್ಮ್ ಆಗಿ ಬಂದ ಸಾವಿರಾರು ಹಸ್ತಪ್ರತಿಗಳನ್ನ ಒಂದೊಂದಾಗಿ ಓದಿ ಕ್ಯಾಟಲಾಗ್ ಮಾಡಿದ್ರು. 1988ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂತು, 2021ರಲ್ಲಿ ತೀರ್ಕೊಂಡ್ರು. ಹತಾತಾ ವಿಷಯದಲ್ಲಿ ಮೊದ್ಲು ನಕಲಿ ಅಂತಿದ್ದ ಅವ್ರು 2017ರಲ್ಲಿ ಅಭಿಪ್ರಾಯ ಬದಲಾಯಿಸಿ, ಝೆರಾ ಯಾಕೋಬ್ ಅನ್ನೋನು ಇದ್ದ ಅಂದ್ರು. ಅವರಂಥೋರೇ ಅಷ್ಟು ವರ್ಷ ತೂಗಿ ನೋಡಿದ ಪ್ರಶ್ನೆ.

ಹ್ಯಾಂಬರ್ಗ್_ಮಳೆ
ಆ ಮೈಕ್ರೋಫಿಲ್ಮ್ ಕೆಲಸ ಶುರು ಆಗಿದ್ದು 1973ರಲ್ಲಿ, ಮಾರನೇ ವರ್ಷಾನೇ ಕ್ರಾಂತಿ. ಅದೊಂದು ಆಗ್ದೆ ಇದ್ದಿದ್ರೆ ಎಷ್ಟು ಹೋಗ್ತಿತ್ತೋ. 2020ರಿಂದ 2022ರವರೆಗೆ ತಿಗ್ರಾಯ್ ಯುದ್ಧದಲ್ಲಿ ಮಠ, ಚರ್ಚು, ಮಸೀದಿಗಳಿಗೆ ಹಾನಿ ಆಯ್ತು, ಹಸ್ತಪ್ರತಿ ಲೂಟಿ ಆದ ಸುದ್ದಿ ಬಂತು, ಕೆಲವು ಆನ್‌ಲೈನ್ ಮಾರಾಟಕ್ಕೂ ಬಂದ್ವು. ಅದಕ್ಕೆ ಮುಂಚೆ ಇಲ್ಲಿನ ತಂಡ ಅಲ್ಲಿನ ಹಳ್ಳಿ ಹಳ್ಳಿ ಚರ್ಚಿಗೆ ಹೋಗಿ ಫೋಟೋ ತೆಗೆದಿದ್ದಕ್ಕೆ ಈಗ ಬೆಲೆ ಗೊತ್ತಾಗ್ತಿದೆ. ಮಿನೆಸೊಟಾ ಲೈಬ್ರರಿದು ಆನ್‌ಲೈನ್ ರೀಡಿಂಗ್ ರೂಮ್ ಇದೆ, ಅಕೌಂಟ್ ಮಾಡ್ಕೊಂಡ್ರೆ ಸಾಕು, ದುಡ್ಡು ಬೇಡ.

ಯಲ್ಲಾಪುರ_ಕಾಡು
ಓಮೋ ಕಣಿವೆ ಬಗ್ಗೆ ಯಾರೂ ಹೇಳ್ಲಿಲ್ಲ. ತುಟಿಗೆ ತಟ್ಟೆ ಹಾಕೋ ಮುರ್ಸಿ ಹೆಂಗಸರ ಫೋಟೋ ಎಲ್ಲಾ ಕಡೆ ಇರುತ್ತಲ್ಲ.

ರಿಟೈರ್ಡ್_ಮೇಷ್ಟ್ರು
ಫೋಟೋ ನೋಡ್ಬೇಡಿ, ಡೇವಿಡ್ ಟರ್ಟನ್ ಓದಿ. 1969ರ ಹೊತ್ತಿಗೆ ಮುರ್ಸಿಗಳ ಹತ್ರ ಹೋದೋರು, ದಶಕಗಟ್ಲೆ ಮತ್ತೆ ಮತ್ತೆ ಹೋದ್ರು. ಪ್ರವಾಸಿಗಳು ಫೋಟೋಗೆ ದುಡ್ಡು ಕೊಡೋದು, ಹೆಂಗಸರು ಬೇಕಂತಲೇ ಇನ್ನಷ್ಟು ವಿಚಿತ್ರವಾಗಿ ಅಲಂಕಾರ ಮಾಡ್ಕೊಂಡು ನಿಲ್ಲೋದು, ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಸಿಟ್ಟು, ಅದನ್ನೂ ಬರೆದಿದಾರೆ. ಹಾಮರ್ ಜನರ ಬಗ್ಗೆ ಜೀನ್ ಲಿಡಾಲ್, ಈವೊ ಸ್ಟ್ರೆಕರ್ ದಂಪತಿ, 1970ರಿಂದ. ಅವ್ರು ಅಲ್ಲೇ ಮನೆ ಮಾಡಿ ಮಕ್ಕಳನ್ನೂ ಬೆಳೆಸಿದ್ರು. ಮೇಲ್ಗಡೆ ಗಿಬೆ 3 ಡ್ಯಾಮ್ 2016ಕ್ಕೆ ಉದ್ಘಾಟನೆ ಆಯ್ತು, ನದಿ ಪ್ರವಾಹ ಇಳಿದ ಮೇಲೆ ದಂಡೆ ಮೇಲೆ ಜೋಳ ಬಿತ್ತೋ ಬೇಸಾಯ ಹೋಯ್ತು. ಈಗ ಹೋದ್ರೆ ಕಾಣೋದು ಸಕ್ಕರೆ ಫ್ಯಾಕ್ಟರಿ ಕಬ್ಬು.

ಗಂಗಾವತಿ_ಹುಡ್ಗ
ತುಂಗಭದ್ರಾ ಡ್ಯಾಮಿನ ದಂಡಿ ಊರಿನವನು ನಾನು, ಮುಳುಗಿದ ಊರಿನ ಮಂದಿ ಕತಿ ಮನ್ಯಾಗ ಕೇಳಿ ಬೆಳದೀನ್ರಿ. ಇದನ್ನ ಓದ್ತೀನಿ.
ಆದ್ರ ನನ್ನ ಪೇಪರಿಗೆ ಏನ್ ಮಾಡ್ಲಿ? ನಾಕು ತಿಂಗಳ ಟೈಮ್ ಐತಿ. ಭಾಷಿ ಕಲೀಲೋ ಬ್ಯಾಡೋ?

ಹ್ಯಾಂಬರ್ಗ್_ಮಳೆ
ಲಿಪಿ ಕಲೀರಿ, ಕನ್ನಡದೋರಿಗೆ ಒಂದು ವಾರದ ಕೆಲ್ಸ. ಹೆ ಹು ಹಿ ಹಾ ಹೇ ಹ್ ಹೋ, ಏಳೇ ರೂಪ, ನಮ್ಮ ಕಾಗುಣಿತದ ತರಾನೇ ಅಕ್ಷರಕ್ಕೆ ಬಾಲ ಕೊಂಬು. ಯುರೋಪಿನ ಸ್ಟೂಡೆಂಟ್ಸ್ ಇದಕ್ಕೇ ತಿಂಗಳು ಒದ್ದಾಡ್ತಾರೆ. ಭಾಷೆ ನಾಲ್ಕು ತಿಂಗಳಲ್ಲಿ ಆಗಲ್ಲ. ಪೇಪರಿಗೆ ವಿಷಯ ಚಿಕ್ಕದು ಮಾಡ್ಕೊಳ್ಳಿ. ದಖ್ಖನ್ ಫಾರ್ಸಿ ಮೂಲಗಳು ಹಬ್ಶಿ ಅಂತ ಒಂದೇ ಮಾತಲ್ಲಿ ಮುಗಿಸೋ ಜನ ಅಲ್ಲಿ ಕಂಬಾಟ, ಹದಿಯಾ, ಓರೊಮೋ ಅಂತ ಬೇರೆ ಬೇರೆ ಇದ್ರು. 16ನೇ ಶತಮಾನದಲ್ಲಿ ಮುಸ್ಲಿಂ ಸೇನಾನಿ ಅಹ್ಮದ್ ಗ್ರಾನ್ ಇಥಿಯೋಪಿಯಾ ರಾಜರ ಮೇಲೆ ಮಾಡಿದ ಯುದ್ಧ, ಅದರ ಬೆನ್ನಿಗೇ ಓರೊಮೋ ವಿಸ್ತರಣೆ, ಆ ಗಲಾಟೇಲಿ ಸೆರೆ ಸಿಕ್ಕೋರು ಝೈಲಾ, ಮಸ್ಸಾವ ಬಂದರುಗಳಿಂದ ಹೋದ್ರು. ಬಾಹ್ರೆಯ್ ಬರೆದ ವರ್ಷ 1593, ಆಗ ಮಲಿಕ್ ಅಂಬರ್ ದಖ್ಖನ್‌ನಲ್ಲೇ ಇದ್ದ. ಈ ಎರಡನ್ನ ಒಟ್ಟಿಗೆ ಇಟ್ಟು ಓದಿ. ಬಾಹ್ರೆಯ್ ಇಂಗ್ಲಿಷ್ ಅನುವಾದ ಲೈಬ್ರರೀಲಿ ಸಿಗುತ್ತೆ.

ಸಂಶಯ_ಸೋಮ
ಇದು ಒಳ್ಳೇ ಐಡಿಯಾ, ಒಪ್ತೀನಿ. ಆದ್ರೆ ಹತಾತಾ ವಿಷಯದಲ್ಲಿ ನಾನು ಗೆತಾಚೆವ್ ಕಡೆ, ಬರೆದಿಟ್ಕೊಳ್ಳಿ.

ಹ್ಯಾಂಬರ್ಗ್_ಮಳೆ
ಅದಕ್ಕೆ ಬೇರೆ ಥ್ರೆಡ್ ತೆಗೀರಿ, ಬರ್ತೀನಿ.

ಗಂಗಾವತಿ_ಹುಡ್ಗ
ಅಕ್ಕಾರ, ಮೇಷ್ಟ್ರ, ಬಾಹ್ರೆಯ್ ಹುಡಕಾಕ ನಾಳೆ ಯೂನಿವರ್ಸಿಟಿ ಲೈಬ್ರರಿಗೆ ಹೊಂಟೀನಿ. ಇಲ್ಲಂದ್ರ ಯಾರ ಹತ್ರರ ಸ್ಕ್ಯಾನ್ ಇದ್ರ ಮೆಸೇಜ್ ಹಾಕ್ರಿ.